ಬಿಸಿ ಹೋಗಲು ದಾರಿ ಬಿಡಿ

ಮಕ್ಕಳೇ, ಮೊಬೈಲಿನಲ್ಲಿ ಅರ್ಧ ಗಂಟೆ ಆಟ ಆಡಿದ ಮೇಲೆ ಅದರ ಬೆನ್ನನ್ನು ಮುಟ್ಟಿ ನೋಡಿದ್ದೀರಾ? ಬೆಚ್ಚಗಿರುತ್ತದೆ. ಬೇಸಿಗೆಯಲ್ಲಾದರೆ ಕೈಯಲ್ಲಿ ಹಿಡಿಯಲು ಬೇಡವೆನಿಸುವಷ್ಟು ಬಿಸಿ. ಅದೇ ಮೊಬೈಲಿನಲ್ಲಿ ಅಮ್ಮ ಊರಿನ ಅಜ್ಜಿಯ ಜೊತೆ ಹತ್ತು ನಿಮಿಷ ಮಾತನಾಡಿದರೆ ಅಷ್ಟು ಬಿಸಿಯಾಗುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಈ ವ್ಯತ್ಯಾಸ ಇನ್ನೂ ಜೋರು. ಬರೆಯುವ ಕೆಲಸ ಮಾಡುವಾಗ ಸದ್ದಿಲ್ಲದೆ ಇರುವ ಲ್ಯಾಪ್‌ಟಾಪ್, ಆಟ ಶುರುವಾದ ಐದು ನಿಮಿಷಕ್ಕೆ ಹಿಟ್ಟಿನ ಗಿರಣಿಯ ಹಾಗೆ ಗುಯ್‌ಗುಡತೊಡಗುತ್ತದೆ. ಪಕ್ಕದ ಸಂದಿಯಿಂದ ಬಿಸಿಗಾಳಿ ಹೊರಬರುತ್ತದೆ. ಆಡುವವರ ಲಕ್ಷ್ಯವೆಲ್ಲ ಪರದೆಯ ಮೇಲೆ ಇರುವುದರಿಂದ ಅವರಿಗೆ ಇದಾವುದೂ ಗೊತ್ತಾಗುವುದಿಲ್ಲ.

ಈ ಬಿಸಿಯ ಬೆನ್ನು ಹತ್ತುವ ಪ್ರಸಂಗ ನನಗೆ ಬಂದದ್ದು 2023ರ ಏಪ್ರಿಲ್ ತಿಂಗಳಲ್ಲಿ. ರಾಯಚೂರಿನಲ್ಲಿರುವ ನನ್ನ ಅಕ್ಕ ಫೋನ್ ಮಾಡಿ, "ತಮ್ಮಾ, ಒಂದ್ಸಲ ಬಂದು ಹೋಗು. ಲ್ಯಾಪ್‌ಟಾಪ್ ಹಾಳಾಗ್ಯಾದ. ಆಟ ಆಡಿ ಆಡಿ ಕೆಡಿಸ್ಯಾನ" ಎಂದಳು. ಅಕ್ಕ ರವಿಕೆ ಹೊಲಿದು ಸಂಸಾರ ನಡೆಸುವವಳು. ಎರಡು ವರ್ಷ ಚೀಟಿ ಕಟ್ಟಿ, ಆ ಹಣದಲ್ಲಿ ಮಗನಿಗೆ ಲ್ಯಾಪ್‌ಟಾಪ್ ಕೊಡಿಸಿದ್ದಳು. ಅವನು ಎಂಜಿನಿಯರಿಂಗ್ ಓದುತ್ತಿದ್ದ. ಕಾಲೇಜಿನ ಕೆಲಸವೆಲ್ಲ ಅದರಲ್ಲೇ. ರಾತ್ರಿ ಊಟವಾದ ಮೇಲೆ ಒಂದೆರಡು ಗಂಟೆ ಕಾರು ಓಡಿಸುವ ಆಟ. ಈಗ ಆಟ ಶುರು ಮಾಡಿದ ಇಪ್ಪತ್ತು ನಿಮಿಷಕ್ಕೆ ಲ್ಯಾಪ್‌ಟಾಪ್ ತಾನಾಗಿಯೇ ಆರಿಹೋಗುತ್ತಿತ್ತು. ಒಂದು ಅಂಗಡಿಯವರು ಅದನ್ನು ತೆರೆದೂ ನೋಡದೆ, "ಮದರ್‌ಬೋರ್ಡ್ ಹೋಗಿದೆ" ಎಂದು ಹೇಳಿ, ಹೊಸ ಲ್ಯಾಪ್‌ಟಾಪಿನ ಅರ್ಧ ಬೆಲೆಯಷ್ಟು ಖರ್ಚು ತಿಳಿಸಿದ್ದರು. ಅಷ್ಟು ಹಣ ಮತ್ತೆ ಕೂಡಿಸಬೇಕಾದರೆ ಇನ್ನೊಂದು ವರ್ಷ ಚೀಟಿ ಕಟ್ಟಬೇಕು. ಅಷ್ಟರಲ್ಲಿ ಅವನ ಓದಿನ ಗತಿ ಏನು? ಅಕ್ಕನ ಸಿಟ್ಟಿಗೆ ಕಾರಣವಿತ್ತು.

ನಾನು ಹೋದಾಗ ಅಳಿಯ ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ. "ಮಾಮಾ, ಆಟ ಆಡ್ಲಿಕ್ಕಂತನೇ ಇಂಥಾ ಲ್ಯಾಪ್‌ಟಾಪ್ ಮಾಡ್ತಾರ. ಆಟ ಆಡಿದ್ರ ಹೆಂಗ ಕೆಡ್ತದ?" ಎಂದು ಕೇಳಿದ. ಸಿಟ್ಟಿನ ಮನೆಯಲ್ಲಿ ಕೇಳಿದ ಪ್ರಶ್ನೆಯಾದರೂ ಅದು ಸರಿಯಾದ ಪ್ರಶ್ನೆಯೇ. ಎತ್ತಿನ ಗಾಡಿಗೆ ಭಾರ ಹೇರಿದ್ದಕ್ಕೇ ಗಾಡಿ ಮುರಿಯಿತು ಎಂದರೆ ಒಪ್ಪುವುದು ಹೇಗೆ?

ನನಗೆ ಎರಡು ಸಂಗತಿಗಳು ಸುಳಿವು ಕೊಟ್ಟವು. ಒಂದು, ಆರಿಹೋದ ಲ್ಯಾಪ್‌ಟಾಪ್ ಅರ್ಧ ಗಂಟೆ ಬಿಟ್ಟರೆ ಮತ್ತೆ ಚೆನ್ನಾಗಿಯೇ ಶುರುವಾಗುತ್ತಿತ್ತು. ಸುಟ್ಟುಹೋದ ಬಲ್ಬು ಅರ್ಧ ಗಂಟೆ ಬಿಟ್ಟು ಹಾಕಿದರೆ ಉರಿಯುತ್ತದೆಯೇ? ಇಲ್ಲ. ಹಾಗಾದರೆ ಒಳಗೆ ಏನೂ ಸುಟ್ಟಿರಲಿಕ್ಕಿಲ್ಲ. ಎರಡು, ಬರೆಯುವಾಗ, ಸಿನಿಮಾ ನೋಡುವಾಗ ಅದು ಎಂದೂ ಆರುತ್ತಿರಲಿಲ್ಲ. ಆಟದ ಹೊತ್ತಿನಲ್ಲಿ ಮಾತ್ರ. ಆಟದಲ್ಲಿ ಅಂಥದ್ದೇನಿದೆ?

ಬನ್ನಿ, ಲೆಕ್ಕ ಹಾಕಿ ನೋಡೋಣ. ಲ್ಯಾಪ್‌ಟಾಪಿನ ಪರದೆ ಬಹಳ ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿದೆ. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಗುಣಿಸಿದರೆ ಇಪ್ಪತ್ತು ಲಕ್ಷದ ಮೇಲೆ, ಅಂದರೆ 20,73,600 ಚುಕ್ಕೆಗಳು. ಆಟದಲ್ಲಿ ಕಾರು ಸರಾಗವಾಗಿ ಓಡುವಂತೆ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರಗಳನ್ನು ಬರೆಯಬೇಕು. ಅಂದರೆ ಒಂದು ಸೆಕೆಂಡಿನಲ್ಲಿ 12 ಕೋಟಿ 44 ಲಕ್ಷಕ್ಕೂ ಹೆಚ್ಚು ಚುಕ್ಕೆಗಳ ಬಣ್ಣವನ್ನು ತೀರ್ಮಾನಿಸಬೇಕು! ಬೆಳಕು ಎಲ್ಲಿಂದ ಬೀಳುತ್ತಿದೆ, ಕಾರಿನ ನೆರಳು ಎಲ್ಲಿದೆ, ಮರದ ಹಿಂದೆ ಏನಿದೆ, ಎಲ್ಲವನ್ನೂ ಲೆಕ್ಕ ಹಾಕಿಯೇ ಆ ಬಣ್ಣ ಗೊತ್ತಾಗುವುದು. ಸಿನಿಮಾದಲ್ಲಾದರೆ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ, ತೆಗೆದು ತೋರಿಸಿದರಾಯಿತು. ಆಟದಲ್ಲಿ ಹಾಗಲ್ಲ. ನೀವು ಕಾರನ್ನು ಎಡಕ್ಕೆ ತಿರುಗಿಸುತ್ತೀರೋ ಬಲಕ್ಕೋ ಎಂದು ಅದಕ್ಕೆ ಮೊದಲೇ ಗೊತ್ತಿರುವುದಿಲ್ಲವಲ್ಲ! ಪ್ರತಿ ಚಿತ್ರವನ್ನೂ ಆ ಕ್ಷಣದಲ್ಲಿಯೇ ಬರೆಯಬೇಕು.

ಈ ಲೆಕ್ಕಗಳನ್ನು ಮಾಡುವುದು ಚಿಪ್‌ನೊಳಗಿರುವ ಟ್ರಾನ್ಸಿಸ್ಟರುಗಳು. ಇವು ಕಣ್ಣಿಗೆ ಕಾಣದಷ್ಟು ಸಣ್ಣ ಸ್ವಿಚ್ಚುಗಳು. ಒಂದು ಚಿಪ್‌ನಲ್ಲಿ ನೂರಾರು ಕೋಟಿ ಇರುತ್ತವೆ. ಪ್ರತಿಸಲ ಸ್ವಿಚ್ಚು ಬದಲಾದಾಗಲೂ ಸ್ವಲ್ಪ ವಿದ್ಯುತ್ತು ಹರಿಯುತ್ತದೆ, ಹರಿದ ವಿದ್ಯುತ್ತು ಸ್ವಲ್ಪ ಬಿಸಿಯಾಗುತ್ತದೆ. ಒಂದೊಂದರದ್ದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಆದರೆ ಕೋಟಿಗಟ್ಟಲೆ ಸ್ವಿಚ್ಚುಗಳು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಬದಲಾದರೆ?

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನೀರೆತ್ತುವ ಪಂಪು ತಾನು ಪಡೆದ ವಿದ್ಯುತ್ತಿನ ಒಂದು ಪಾಲನ್ನು ನೀರು ಎತ್ತಲು ಬಳಸುತ್ತದೆ. ಲ್ಯಾಪ್‌ಟಾಪ್ ಏನನ್ನೂ ಎತ್ತುವುದಿಲ್ಲ, ಏನನ್ನೂ ಬೀಸುವುದಿಲ್ಲ. ಪರದೆಯ ಬೆಳಕಾಗಿ, ಸ್ಪೀಕರಿನ ಸದ್ದಾಗಿ ಸ್ವಲ್ಪ ಶಕ್ತಿ ಹೊರಗೆ ಹೋಗುತ್ತದೆ. ಉಳಿದದ್ದೆಲ್ಲ ಉಷ್ಣ. ಬ್ಯಾಟರಿಗೆ ತುಂಬಿಕೊಂಡದ್ದನ್ನು ಬಿಟ್ಟರೆ, ಒಳಗೆ ಹೋದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಬಿಸಿಯಾಗಿಯೇ ಹೊರಗೆ ಬರಬೇಕು. ಬರದೆ ಬೇರೆ ದಾರಿಯಿಲ್ಲ. ಶಕ್ತಿಯನ್ನು ನಾಶಮಾಡಲು ಆಗುವುದಿಲ್ಲ ಎಂದು ನೀವು ಪಾಠದಲ್ಲಿ ಓದಿರುತ್ತೀರಿ, ಇಲ್ಲವೇ ಮುಂದೆ ಓದುತ್ತೀರಿ.

ಎಷ್ಟು ಬಿಸಿ? ಅಳಿಯನ ಲ್ಯಾಪ್‌ಟಾಪಿನ ಅಡಾಪ್ಟರನ್ನು ತಿರುಗಿಸಿ ಓದಿದೆ. 19.5 ವೋಲ್ಟ್, 9.23 ಆಂಪಿಯರ್ ಎಂದು ಅಚ್ಚಾಗಿತ್ತು. ಎರಡನ್ನೂ ಗುಣಿಸಿದರೆ 180 ವ್ಯಾಟ್. ಅದು ಕೊಡಬಲ್ಲ ಹೆಚ್ಚಿನ ಮಿತಿ. ಬರೆಯುವಾಗ ಇಂಥ ಲ್ಯಾಪ್‌ಟಾಪ್‌ಗೆ ಹತ್ತಿಪ್ಪತ್ತು ವ್ಯಾಟ್ ಸಾಕು. ಆಟದಲ್ಲಿ 150 ವ್ಯಾಟ್ ಬಳಸಿತು ಎಂದಿಟ್ಟುಕೊಳ್ಳಿ. ಈ ಉಷ್ಣವನ್ನೆಲ್ಲ ಹಿಡಿದು ಒಂದು ಲೀಟರ್ ನೀರಿಗೆ ಕೊಟ್ಟರೆ, 30 ಡಿಗ್ರಿ ಇದ್ದ ನೀರು 25 ನಿಮಿಷದೊಳಗೆ 80 ಡಿಗ್ರಿ ಸೆಲ್ಸಿಯಸ್ ಆಗುತ್ತದೆ. ಚಹಾ ಕುದಿಯಲು ಸ್ವಲ್ಪವೇ ಬಾಕಿ! ಸುಮ್ಮನೆ ಕುಳಿತ ಒಬ್ಬ ದೊಡ್ಡವರ ಮೈಯಿಂದ ಸುಮಾರು 100 ವ್ಯಾಟ್ ಉಷ್ಣ ಹೊರಬರುತ್ತದೆ. ಕಿಟಕಿ ಮುಚ್ಚಿದ ತರಗತಿಯಲ್ಲಿ ಎಲ್ಲರೂ ಕೂತರೆ ಸೆಕೆಯಾಗುವುದು ಇದಕ್ಕೇ. ಹಾಗಾದರೆ ಆಟ ಆಡಿಸುವ ಲ್ಯಾಪ್‌ಟಾಪ್ ಎಂದರೆ ಕೋಣೆಯಲ್ಲಿ ಒಂದೂವರೆ ಆಳು ಹೆಚ್ಚಿಗೆ ಕುಳಿತ ಹಾಗೆ.

ಆದರೆ ನಮ್ಮ ಮೈಗೆ ದೊಡ್ಡ ಚರ್ಮವಿದೆ, ಬಿಸಿ ಅಷ್ಟಗಲಕ್ಕೂ ಹರಡಿ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಆ ಬಿಸಿಯ ಬಹುಪಾಲು ಹುಟ್ಟುವುದು ಅಂಚೆಚೀಟಿಯಷ್ಟು ಜಾಗದ ಒಂದೆರಡು ಚಿಪ್‌ಗಳಲ್ಲಿ. ರೇಡಿಯೊ ರಿಪೇರಿಯವರ ಬಳಿ ಬೆಸುಗೆ ಹಾಕುವ ಕಡ್ಡಿ ನೋಡಿದ್ದೀರಲ್ಲ, ಅದರಲ್ಲಿ ಬರೀ 25 ವ್ಯಾಟಿನದ್ದೂ ಇರುತ್ತದೆ. ಆ 25 ವ್ಯಾಟ್ ಸಣ್ಣ ತುದಿಯಲ್ಲಿ ಸೇರಿ ಲೋಹದ ಬೆಸುಗೆಯನ್ನೇ ಕರಗಿಸುತ್ತದೆ. ಚಿಪ್‌ನಿಂದ ಬಿಸಿಯನ್ನು ಆಗಿಂದಾಗಲೇ ತೆಗೆಯದೆ ಹೋದರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಅದನ್ನು ತೆಗೆಯಲು ಎಂಜಿನಿಯರುಗಳು ಒಂದು ದಾರಿ ಮಾಡಿದ್ದಾರೆ. ನನಗಂತೂ ಇಡೀ ಲ್ಯಾಪ್‌ಟಾಪಿನಲ್ಲಿ ಅತ್ಯಂತ ಇಷ್ಟವಾದದ್ದು ಈ ದಾರಿಯೇ, ಪರದೆಯಲ್ಲ, ಆಟವೂ ಅಲ್ಲ.

ದಾರಿಯ ಮೊದಲ ಹೆಜ್ಜೆ, ಚಿಪ್‌ನ ಮೇಲೆ ಒತ್ತಿ ಕೂರಿಸಿದ ತಾಮ್ರದ ತುಂಡು. ತಾಮ್ರ ಒಳ್ಳೆಯ ಉಷ್ಣವಾಹಕ. ಆದರೆ ಎರಡು ಲೋಹಗಳನ್ನು ಎಷ್ಟೇ ಉಜ್ಜಿ ನುಣುಪು ಮಾಡಿದರೂ ನಡುವೆ ಸೂಕ್ಷ್ಮ ಸಂದುಗಳು ಉಳಿಯುತ್ತವೆ. ಅಲ್ಲಿ ಗಾಳಿ ತುಂಬಿಕೊಂಡಿರುತ್ತದೆ. ಅಲುಗಾಡದೆ ನಿಂತ ಗಾಳಿಗೆ ಹೋಲಿಸಿದರೆ ತಾಮ್ರ ಸುಮಾರು 15,000 ಪಟ್ಟು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ. ಅಂದ ಮೇಲೆ ಕೂದಲೆಳೆಯಷ್ಟು ಗಾಳಿಯೂ ದೊಡ್ಡ ಗೋಡೆ. ಅಮ್ಮ ರೊಟ್ಟಿ ಬೇಯಿಸುವುದನ್ನು ಗಮನಿಸಿ. ರೊಟ್ಟಿ ಎಲ್ಲಿ ಉಬ್ಬಿ ಹಂಚಿನಿಂದ ಮೇಲೆದ್ದಿದೆಯೋ ಅಲ್ಲಿ ಬಿಳಿಯಾಗಿಯೇ ಉಳಿಯುತ್ತದೆ. ಅದಕ್ಕೇ ಬಟ್ಟೆಯಿಂದ ಒತ್ತುತ್ತಾರೆ. ಚಿಪ್‌ಗೂ ತಾಮ್ರಕ್ಕೂ ನಡುವೆ ಸಂದು ಉಳಿಯದಂತೆ ಬೆಣ್ಣೆಯಂಥ ಒಂದು ಲೇಪವನ್ನು ಸವರಿರುತ್ತಾರೆ. ವರ್ಷಗಳು ಕಳೆದಂತೆ ಈ ಲೇಪ ಒಣಗಿ ಬಿರುಕು ಬಿಡುವುದುಂಟು.

ಎರಡನೆಯ ಹೆಜ್ಜೆ ಉಷ್ಣನಾಳ. ಇದು ಚಪ್ಪಟೆಯಾದ ತಾಮ್ರದ ಕೊಳವೆ, ಎರಡೂ ತುದಿ ಮುಚ್ಚಿರುತ್ತದೆ. ಒಳಗಿನ ಗಾಳಿಯನ್ನೆಲ್ಲ ಹೊರತೆಗೆದು ಸ್ವಲ್ಪವೇ ಸ್ವಲ್ಪ ನೀರು ಹಾಕಿರುತ್ತಾರೆ, ಒಂದು ಚಮಚದಷ್ಟೂ ಇರುವುದಿಲ್ಲ. ಏನು, ಲ್ಯಾಪ್‌ಟಾಪಿನೊಳಗೆ ನೀರೇ ಎಂದು ಅಕ್ಕ ಬೆರಗಾದಳು. ಹೌದು, ನೀರೇ! ಗಾಳಿಯ ಒತ್ತಡ ಕಡಿಮೆಯಾದಷ್ಟೂ ನೀರು ಕಡಿಮೆ ತಾಪಕ್ಕೇ ಕುದಿಯುತ್ತದೆ. ಎವರೆಸ್ಟ್ ಶಿಖರದ ಮೇಲೆ ಅದು ಸುಮಾರು 70 ಡಿಗ್ರಿಗೇ ಕುದಿಯುತ್ತದೆ. ಕೊಳವೆಯೊಳಗೆ ಗಾಳಿಯೇ ಇಲ್ಲದ್ದರಿಂದ ಅದಕ್ಕಿಂತಲೂ ಕಡಿಮೆ ತಾಪದಲ್ಲಿ ನೀರು ಆವಿಯಾಗುತ್ತದೆ. ಚಿಪ್‌ನ ಬಳಿ ಆವಿಯಾದ ನೀರು ಕೊಳವೆಯ ಇನ್ನೊಂದು ತುದಿಗೆ ಓಡುತ್ತದೆ. ಅಲ್ಲಿ ತಂಪಾಗಿ ಮತ್ತೆ ನೀರಾಗುತ್ತದೆ, ಹೊತ್ತು ತಂದ ಉಷ್ಣವನ್ನು ಅಲ್ಲೇ ಇಳಿಸುತ್ತದೆ. ಕೊಳವೆಯ ಒಳಗೋಡೆಗೆ ಹತ್ತಿದ ತಾಮ್ರದ ಪುಡಿಯೋ ಜಾಲರಿಯೋ, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಆ ನೀರನ್ನು ಮತ್ತೆ ಚಿಪ್‌ನ ಕಡೆಗೆ ಎಳೆದು ತರುತ್ತದೆ. ಪಂಪಿಲ್ಲ, ಮೋಟರಿಲ್ಲ. ಆಟ ನಡೆದಷ್ಟು ಹೊತ್ತೂ ಈ ಪ್ರಯಾಣ ನಡೆದೇ ಇರುತ್ತದೆ.

ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಜೂಲ್ ಉಷ್ಣ ಸಾಕು. ಅದೇ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 2,400 ಜೂಲ್ ಉಷ್ಣವನ್ನು ಹೀರಿಕೊಳ್ಳುತ್ತದೆ. ನಿಮ್ಮ ಮನೆಯ ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಗಡಿಗೆಯ ಹೊರಮೈಯಿಂದ ಆವಿಯಾಗುವ ನೀರು ಒಳಗಿನ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಕುಂಬಾರರು ಸಾವಿರಾರು ವರ್ಷಗಳಿಂದ ಬಲ್ಲ ಸಂಗತಿ! ಉಷ್ಣನಾಳದ ವಿಚಾರಕ್ಕೆ ಅಮೆರಿಕದಲ್ಲಿ 1940ರ ದಶಕದಲ್ಲೇ ಒಬ್ಬರು ಪೇಟೆಂಟ್ ಪಡೆದಿದ್ದರು. ಯಾರೂ ಅದಕ್ಕೆ ಹೆಚ್ಚು ಲಕ್ಷ್ಯ ಕೊಡಲಿಲ್ಲ. 1963ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ ಅದನ್ನು ಮಾಡಿ ತೋರಿಸಿದ ಮೇಲೆ ಬಾಹ್ಯಾಕಾಶದ ಕೆಲಸಕ್ಕೆ ಬಂತು. ಉಪಗ್ರಹದ ಒಂದು ಮಗ್ಗುಲು ಬಿಸಿಲಿಗೆ ಕಾಯುತ್ತಿದ್ದರೆ ಇನ್ನೊಂದು ಮಗ್ಗುಲು ಕೊರೆಯುವ ಚಳಿಯಲ್ಲಿರುತ್ತದೆ. ಆ ಬಿಸಿಯನ್ನು ಈ ಕಡೆಯಿಂದ ಆ ಕಡೆಗೆ ಸಾಗಿಸಲು ಇಂಥ ನಾಳಗಳು ಬೇಕಾದವು. ಅದೇ ನಾಳ ಈಗ ರಾಯಚೂರಿನ ಓಣಿಯ ಮನೆಯೊಂದರಲ್ಲಿ ಕಾರಿನ ಆಟಕ್ಕೆ ದುಡಿಯುತ್ತಿತ್ತು.

ಮೂರನೆಯದು ಲೋಹದ ತೆಳು ಪಟ್ಟಿಗಳ ಸಾಲು. ಬೈಕಿನ ಎಂಜಿನ್ನಿನ ಮೇಲೆ ಬಾಚಣಿಗೆಯ ಹಲ್ಲಿನಂಥ ಪಟ್ಟಿಗಳನ್ನು ನೀವು ನೋಡಿದ್ದೀರಿ. ಅವು ಅಲಂಕಾರಕ್ಕಲ್ಲ. 5 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ತಗಡಿನ ಒಂದು ಮೈಯ ವಿಸ್ತೀರ್ಣ 25 ಚದರ ಸೆಂಟಿಮೀಟರ್. ಅದರ ಮೇಲೆ 5 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಎತ್ತರದ 20 ಪಟ್ಟಿಗಳನ್ನು ನಿಲ್ಲಿಸಿ. ಪ್ರತಿ ಪಟ್ಟಿಗೂ ಎರಡು ಮೈ. ಲೆಕ್ಕ ಹಾಕಿದರೆ ಪಟ್ಟಿಗಳದ್ದೇ 400 ಚದರ ಸೆಂಟಿಮೀಟರ್! ಗಾಳಿ ಬಂದು ಮುಟ್ಟುವ ಜಾಗ ಅಷ್ಟು ಹೆಚ್ಚಾಯಿತು. ಈ ಪಟ್ಟಿಗಳ ನಡುವಿನಿಂದ ಸಣ್ಣ ಫ್ಯಾನು ಗಾಳಿಯನ್ನು ದೂಡುತ್ತದೆ. ಹೆಚ್ಚಿನ ಲ್ಯಾಪ್‌ಟಾಪುಗಳು ತಳದ ಕಿಂಡಿಗಳಿಂದ ಗಾಳಿಯನ್ನು ಎಳೆದುಕೊಂಡು, ಪಕ್ಕದಿಂದಲೋ ಹಿಂದಿನಿಂದಲೋ ಬಿಡುತ್ತವೆ.

ಈಗ ಅಕ್ಕನ ಮನೆಗೆ ಬರೋಣ. ಅಳಿಯ ಆಟ ಆಡುತ್ತಿದ್ದದ್ದು ಎಲ್ಲಿ ಗೊತ್ತೇ? ಮಂಚದ ಮೇಲೆ, ಕೌದಿ ಹಾಸಿಕೊಂಡು, ಆ ಕೌದಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಚಳಿಗಾಲದಲ್ಲಿ ನಮ್ಮನ್ನು ಬೆಚ್ಚಗಿಡುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ನಮ್ಮ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಅದಕ್ಕೆ ಮೈ ಯಾವುದು, ಲ್ಯಾಪ್‌ಟಾಪ್ ಯಾವುದು ಎಂಬ ಭೇದವಿಲ್ಲ. ಸಾಲದ್ದಕ್ಕೆ ಮೆತ್ತಗಿನ ಕೌದಿ ತಳದ ಕಿಂಡಿಗಳಿಗೆ ಒತ್ತಿಕೊಂಡು ಗಾಳಿ ಬರುವ ಬಾಗಿಲನ್ನೇ ಮುಚ್ಚಿತ್ತು.

ಆದರೆ ಕೌದಿ ಎರಡು ವರ್ಷದಿಂದಲೂ ಇತ್ತು, ಲ್ಯಾಪ್‌ಟಾಪ್ ಆರತೊಡಗಿದ್ದು ಮಾರ್ಚಿನಿಂದ. ಇನ್ನೂ ಏನೋ ಇರಬೇಕು. ಅದನ್ನು ಸ್ಟೇಷನ್ ರಸ್ತೆಯ ಇನ್ನೊಬ್ಬ ರಿಪೇರಿಯವರ ಬಳಿ ಒಯ್ದೆವು. ಅವರು ತಳದ ಮುಚ್ಚಳ ಬಿಚ್ಚಿ, ಫ್ಯಾನನ್ನು ಎತ್ತಿ, ಚಿಮಟದಿಂದ ಏನನ್ನೋ ಹಿಡಿದು ಎಳೆದರು. ಬೆರಳುದ್ದದ, ಬೂದು ಬಣ್ಣದ, ಕಂಬಳಿಯ ಚೂರಿನಂಥ ವಸ್ತು ಹಾಗೆಯೇ ಎದ್ದು ಬಂತು. ಫ್ಯಾನಿಗೂ ಲೋಹದ ಪಟ್ಟಿಗಳಿಗೂ ನಡುವೆ ಅದು ಗೋಡೆಯಂತೆ ಕುಳಿತಿತ್ತು. ಬಿಡಿಸಿ ನೋಡಿದರೆ ಹೆಚ್ಚಿನದು ಹತ್ತಿಯ ಎಳೆ. ರಾಯಚೂರು ಹತ್ತಿಯ ಊರು. ದೊಡ್ಡ ಹತ್ತಿ ಮಾರುಕಟ್ಟೆಯಿದೆ, ಜಿನ್ನಿಂಗ್ ಮಿಲ್ಲುಗಳಿವೆ. ಅಕ್ಕನ ಮನೆ ಅಂಥದೊಂದು ಮಿಲ್ಲಿನ ಹಿಂದಿನ ಓಣಿಯಲ್ಲಿ. ಹತ್ತಿ ಬರುವ ತಿಂಗಳುಗಳಲ್ಲಿ ಗಾಳಿಯಲ್ಲಿ ಎಳೆಗಳು ತೇಲುತ್ತಿರುತ್ತವೆ. ಮನೆಯೊಳಗೆ ಕೌದಿಯ ನೂಲು, ಹೊಲಿಗೆ ಯಂತ್ರದ ಸುತ್ತ ಬೀಳುವ ಬಟ್ಟೆಯ ಪುಡಿ. ಫ್ಯಾನು ಎರಡು ವರ್ಷ ಅವನ್ನೆಲ್ಲ ಎಳೆದುಕೊಂಡು ಒಳಗೇ ಒಂದು ಪುಟ್ಟ ಕೌದಿ ನೇಯ್ದಿತ್ತು!

ಅದರ ಮೇಲೆ ಬೇಸಿಗೆ ಬಂತು. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಕೋಣೆಯಲ್ಲಿ ಇರುವ ಗಾಳಿಯನ್ನೇ ತಳ್ಳುತ್ತದೆ. ಹಾಗಾಗಿ ಚಿಪ್ ಎಂದೂ ಕೋಣೆಗಿಂತ ತಂಪಾಗಲಾರದು. ಕೋಣೆ 25 ಡಿಗ್ರಿ ಇರುವಾಗ ಚಿಪ್ 80 ಡಿಗ್ರಿಗೆ ಏರುತ್ತಿದ್ದರೆ, ಕೋಣೆ 40 ಡಿಗ್ರಿ ಆದಾಗ ಅದೇ ಆಟಕ್ಕೆ ಚಿಪ್ 95ರ ಹತ್ತಿರಕ್ಕೆ ಏರುತ್ತದೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಹೊಸತೇನಲ್ಲ, ತಗಡಿನ ಮನೆಯಾದರೆ ರಾತ್ರಿಯೂ ಕಾದೇ ಇರುತ್ತದೆ.

ಚಿಪ್‌ನೊಳಗೆ ತಾಪವನ್ನು ಅಳೆಯುವ ವ್ಯವಸ್ಥೆ ಇದೆ. ತಾಪ 100 ಡಿಗ್ರಿಯ ಸಮೀಪ ಬಂದಾಗ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೆಲಸ ಕಡಿಮೆಯಾದರೆ ಬಿಸಿಯೂ ಕಡಿಮೆ. ಆಗ ಆಟ ತಡವರಿಸುತ್ತದೆ. ಅಳಿಯನಿಗೆ ಇದು ನೆನಪಾಯಿತು. "ಹೌದು ಮಾಮಾ, ತಿಂಗಳಿಂದ ಕಾರು ತಡದು ತಡದು ಓಡ್ತಿತ್ತು. ಆಟದಾಗೇ ಏನೋ ತಪ್ಪದ ಅನ್ಕೊಂಡಿದ್ದೆ" ಎಂದ. ವೇಗ ಇಳಿಸಿದರೂ ತಾಪ ಏರುತ್ತಲೇ ಹೋದರೆ ಲ್ಯಾಪ್‌ಟಾಪ್ ಎಲ್ಲವನ್ನೂ ನಿಲ್ಲಿಸಿ ಆರಿಹೋಗುತ್ತದೆ. ಅದು ಸತ್ತದ್ದಲ್ಲ, ಸಾಯದಿರಲು ಮಾಡಿದ ಉಪಾಯ. ಅರ್ಧ ಗಂಟೆಯ ಮೇಲೆ ಮತ್ತೆ ಶುರುವಾಗುತ್ತಿದ್ದದ್ದು ಅದಕ್ಕೇ.

ರಿಪೇರಿಯವರು ಫ್ಯಾನಿನ ಎಲೆಗಳು ತಿರುಗದಂತೆ ಒಂದು ಕಡ್ಡಿಯಿಂದ ಹಿಡಿದು ಪಟ್ಟಿಗಳ ಸಂದಿಯ ಧೂಳನ್ನು ಗಾಳಿ ಊದಿ ತೆಗೆದರು. ಒಣಗಿದ ಲೇಪವನ್ನು ಒರೆಸಿ ಹೊಸದು ಸವರಿದರು. ತೆಗೆದುಕೊಂಡದ್ದು ಅಕ್ಕ ನಾಲ್ಕೈದು ರವಿಕೆ ಹೊಲಿದರೆ ಬರುವಷ್ಟು ಹಣ. ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ. ಮಕ್ಕಳೇ, ಈ ಬಿಚ್ಚುವ ಕೆಲಸವನ್ನು ನೀವು ಮಾಡಬೇಡಿ, ಒಳಗೆ ಬ್ಯಾಟರಿಯೂ ಇರುತ್ತದೆ. ಕಿಂಡಿಗಳ ಮೇಲಿನ ಧೂಳನ್ನು ಒಣ ಕುಂಚದಿಂದ ಒರೆಸುವುದು ಮಾತ್ರ ನಿಮ್ಮ ಕೆಲಸ. ಅದೂ ಲ್ಯಾಪ್‌ಟಾಪ್ ಆರಿಸಿದ ಮೇಲೆ.

ಮನೆಗೆ ಬಂದ ಮೇಲೆ ಇಡುವುದು ಎಲ್ಲಿ ಎಂಬ ಚರ್ಚೆ ನಡೆಯಿತು. ಅಕ್ಕನ ಮಗಳು ಆಗ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿ. "ಮಾಮಾ, ಫ್ರಿಜ್ಜಿನಾಗ ಇಟ್ಟು ತಣ್ಣಗ ಮಾಡಿ ಆಮ್ಯಾಲ ಆಡಿದ್ರ?" ಎಂದಳು. ನಿಮಗೂ ಹೀಗೆಯೇ ಅನ್ನಿಸಿರಬಹುದು. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹೊರಮೈ ಸ್ವಲ್ಪ ಹೊತ್ತಿನಲ್ಲೇ ಬೆವರುತ್ತದೆ, ಅಲ್ಲವೇ? ಗಾಳಿಯಲ್ಲಿರುವ ನೀರಿನ ಆವಿ ತಂಪಾದ ವಸ್ತುವನ್ನು ಮುಟ್ಟಿ ಹನಿಯಾಗುತ್ತದೆ. ತಣ್ಣಗಾದ ಲ್ಯಾಪ್‌ಟಾಪ್ ಹೊರಗೆ ಬಂದರೆ ಅದೇ ಹನಿಗಳು ಒಳಗಿನ ತಂತಿಗಳ ಮೇಲೆ ಕೂರುತ್ತವೆ. ಉಷ್ಣನಾಳದ ನೀರು ಮುಚ್ಚಿದ ಕೊಳವೆಯಲ್ಲಿದೆ, ಈ ನೀರಿಗೆ ಕೊಳವೆಯಿಲ್ಲ. ಒದ್ದೆ ಬಟ್ಟೆ, ಮಂಜುಗಡ್ಡೆಯ ಚೀಲ, ಇವುಗಳ ವಿಷಯವೂ ಇಷ್ಟೇ.

ಕೊನೆಗೆ ಅಡುಗೆಮನೆಯ ಮಣೆ ಬಂತು. ಅದರ ಮೇಲೆ ಲ್ಯಾಪ್‌ಟಾಪ್, ಹಿಂಬದಿಗೆ ಎರಡು ಬಾಟಲಿ ಮುಚ್ಚಳಗಳನ್ನು ಒತ್ತುಗೊಟ್ಟು ಬೆರಳಗಲ ಎತ್ತರಿಸಿದೆವು. ಕಟ್ಟಿಗೆ ಉಷ್ಣವಾಹಕವಲ್ಲವಲ್ಲ, ಅದು ಹೇಗೆ ಸರಿ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಲ್ಯಾಪ್‌ಟಾಪಿನ ಬಿಸಿ ಹೆಚ್ಚಾಗಿ ಹೋಗುವುದು ತಳದ ಮೂಲಕ ಅಲ್ಲ, ಗಾಳಿಯ ಮೂಲಕ. ಮಣೆ ಗಟ್ಟಿಯಾಗಿದೆ, ಸಪಾಟಾಗಿದೆ, ಕಿಂಡಿಗೆ ಅಂಟಿಕೊಳ್ಳುವುದಿಲ್ಲ. ಅಷ್ಟು ಸಾಕು.

ಆಟದೊಳಗೂ ಒಂದು ನಲ್ಲಿಯಿದೆ. ಸೆಕೆಂಡಿಗೆ ಎಷ್ಟು ಚಿತ್ರ ಬರೆಯಬೇಕೆಂಬ ಮಿತಿಯನ್ನು ಹೆಚ್ಚಿನ ಆಟಗಳಲ್ಲಿ ನಾವೇ ಗೊತ್ತುಮಾಡಬಹುದು. ಮಿತಿಯಿಲ್ಲದಿದ್ದರೆ ಚಿಪ್ ತನ್ನಿಂದ ಸಾಧ್ಯವಾದಷ್ಟೂ ಬರೆಯುತ್ತಲೇ ಇರುತ್ತದೆ. 2010ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ 2 ಎಂಬ ಆಟದಲ್ಲಿ ಒಂದು ತಮಾಷೆ ನಡೆಯಿತು. ಯುದ್ಧ ನಡೆಯುವಾಗಲ್ಲ, ಆಟ ಶುರುವಾಗುವ ಮುನ್ನ ಬರುವ ಆಯ್ಕೆಯ ಪರದೆಯಲ್ಲೇ ಹಲವರ ಕಂಪ್ಯೂಟರುಗಳು ಕಾಯತೊಡಗಿದವು. ಅಲ್ಲಿ ಚಿತ್ರಗಳಿಗೆ ಮಿತಿಯೇ ಇರಲಿಲ್ಲ. ಬರೆಯಲು ಹೆಚ್ಚೇನೂ ಇಲ್ಲದ್ದರಿಂದ ಚಿಪ್ ಅದೇ ಪರದೆಯನ್ನು ಮತ್ತೆ ಮತ್ತೆ ಪೂರ್ತಿ ವೇಗದಲ್ಲಿ ಬರೆಯುತ್ತಿತ್ತು! ಅಳಿಯ ಮಿತಿಯನ್ನು 60ಕ್ಕೆ ಇಟ್ಟ. ಸೆಕೆಯ ದಿನಗಳಲ್ಲಿ 30ಕ್ಕೂ ಇಳಿಸುತ್ತಾನೆ. ನೆರಳು, ಹುಲ್ಲು, ನೀರಿನ ಹೊಳಪು ಇವುಗಳ ಸೊಗಸನ್ನು ಕಡಿಮೆ ಮಾಡಿದರೆ ಇನ್ನಷ್ಟು ಬಿಸಿ ಉಳಿಯಿತು. ಫ್ಯಾನು, ಮಣೆ ಇವೆಲ್ಲ ಹುಟ್ಟಿದ ಬಿಸಿಯನ್ನು ಕಳಿಸುವ ಉಪಾಯಗಳು. ಇದೊಂದು ಬಿಸಿ ಹುಟ್ಟದಂತೆಯೇ ಮಾಡುವ ಉಪಾಯ. ನನ್ನನ್ನು ಕೇಳಿದರೆ ಇದೇ ಮೇಲು.

ಇನ್ನೊಂದು ಮಾತು ನಿಮ್ಮ ಮೈಗೆ ಸಂಬಂಧಿಸಿದ್ದು. ಲ್ಯಾಪ್ ಎಂದರೆ ತೊಡೆ ಎಂದು ಅರ್ಥವಿದ್ದರೂ ಆಟ ಆಡುವಾಗ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನ ವೈದ್ಯರು 2010ರಲ್ಲಿ 12 ವರ್ಷದ ಒಬ್ಬ ಹುಡುಗನ ವಿಷಯ ಬರೆದರು. ಅವನು ಹಲವು ತಿಂಗಳು, ದಿನಕ್ಕೆ ಕೆಲವು ಗಂಟೆ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಟ ಆಡಿದ್ದ. ಅವನ ಎಡ ತೊಡೆಯ ಮೇಲೆ ಬಲೆಯ ಹಾಗೆ ಕಂದು ಕಲೆಗಳು ಮೂಡಿದ್ದವು. ಎಡಗಡೆ ಬಿಸಿಯಾಗುತ್ತಿದೆ ಎಂದು ಅವನಿಗೆ ತಿಳಿದಿತ್ತಂತೆ, ಆದರೂ ಜಾಗ ಬದಲಿಸಿರಲಿಲ್ಲ. ಬೊಬ್ಬೆ ಏಳುವಷ್ಟು ಬಿಸಿಯಲ್ಲದಿದ್ದರೂ ದಿನವೂ ಅದೇ ಜಾಗಕ್ಕೆ ತಾಗುವ ಬಿಸಿ ಚರ್ಮವನ್ನು ಹೀಗೆ ಬದಲಾಯಿಸುತ್ತದೆ. ಒಲೆಯ ಮುಂದೆ ಬಹಳ ಹೊತ್ತು ಕೂರುವವರಲ್ಲಿ, ಕಾಶ್ಮೀರದ ಚಳಿಯಲ್ಲಿ ಕೆಂಡದ ಬುಟ್ಟಿಯನ್ನು ನಿಲುವಂಗಿಯೊಳಗೆ ಹಿಡಿದುಕೊಳ್ಳುವವರಲ್ಲಿ ವೈದ್ಯರು ಮೊದಲಿನಿಂದಲೂ ಇದನ್ನು ಕಂಡಿದ್ದರು.

ನಿಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದಿರಬಹುದು, ಮೊಬೈಲ್ ಇದ್ದೇ ಇರುತ್ತದೆ. ಹೆಚ್ಚಿನ ಮೊಬೈಲಿನಲ್ಲಿ ಫ್ಯಾನು ಇಲ್ಲ, ಅದರ ಬೆನ್ನೇ ಬಿಸಿ ಹೋಗುವ ದಾರಿ. ಚಾರ್ಜಿಗೆ ಹಾಕಿದಾಗ ಬ್ಯಾಟರಿಯೂ ಬಿಸಿಯಾಗುತ್ತದೆ, ಆಗಲೇ ಆಟವನ್ನೂ ಆಡಿದರೆ ಎರಡು ಬಿಸಿ ಸೇರಿದಂತಾಯಿತು. ಬಿಸಿಯಲ್ಲಿ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ. ಚಾರ್ಜಿಗೆ ಹಾಕಿದ ಮೊಬೈಲನ್ನು ದಿಂಬಿನ ಕೆಳಗೆ, ಹಾಸಿಗೆಯೊಳಗೆ ಎಂದೂ ಇಡಬೇಡಿ. ಬ್ಯಾಟರಿ ಉಬ್ಬಿ ಬೆನ್ನು ಎದ್ದುಬಂದಂತೆ ಕಂಡರೆ ಒತ್ತಬೇಡಿ, ಚುಚ್ಚಬೇಡಿ, ಕೂಡಲೇ ದೊಡ್ಡವರಿಗೆ ತೋರಿಸಿ.

ಅಕ್ಕನ ಮನೆಯಲ್ಲಿ ಆಟಕ್ಕೆ ಮತ್ತೆ ಅಪ್ಪಣೆ ಸಿಕ್ಕಿದೆ, ದಿನಕ್ಕೆ ಒಂದೇ ಗಂಟೆ. ಆ ಒಂದು ಗಂಟೆಯ ಲೆಕ್ಕ ಅಕ್ಕನದು, ಅದಕ್ಕೂ ಉಷ್ಣಕ್ಕೂ ಸಂಬಂಧವಿಲ್ಲ.

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ ಎಂದೆನಲ್ಲ, ಅಕ್ಕನ ಮಗಳು ಅದನ್ನು ಸುತರಾಂ ನಂಬಲಿಲ್ಲ. ನೀವೂ ನಂಬದಿದ್ದರೆ ಶಿಕ್ಷಕರನ್ನು ಕೇಳಿ, ಶಾಲೆಯ ವಿಜ್ಞಾನ ಪೆಟ್ಟಿಗೆಯ ತಾಪಮಾಪಕವನ್ನು ಅವರ ಮುಂದೆಯೇ ಬಳಸಿ. ಜ್ವರ ನೋಡುವ ತಾಪಮಾಪಕ ಇದಕ್ಕೆ ಆಗದು. ಕೋಣೆಯಲ್ಲಿ ಅದು ತೋರಿಸುವ ತಾಪವನ್ನು ಓದಿ. ಈಗ ಅದನ್ನು ತಿರುಗುವ ಫ್ಯಾನಿನ ಎದುರಿಗೆ ಐದು ನಿಮಿಷ ಹಿಡಿಯಿರಿ. ನಿಮ್ಮ ಮುಖಕ್ಕೆ ತಂಪೆನಿಸುತ್ತದೆ, ತಾಪಮಾಪಕ ಮಾತ್ರ ಅಲ್ಲಾಡುವುದಿಲ್ಲ. ನಿಮ್ಮ ಮುಖದಲ್ಲಿ ಬೆವರಿದೆ, ಅದರ ಗಾಜಿನ ಬುಡದಲ್ಲಿ ಇಲ್ಲ. ಆಮೇಲೆ ಆ ಬುಡಕ್ಕೆ ಒದ್ದೆಯಾದ ತೆಳು ಬಟ್ಟೆಯನ್ನು ಸುತ್ತಿ, ಮತ್ತೆ ಫ್ಯಾನಿನ ಎದುರಿಗೆ ಹಿಡಿದು ಓದಿ. ಎರಡೂ ಅಂಕಿಗಳನ್ನು ದಿನಾಂಕದ ಜೊತೆ ಬರೆದಿಟ್ಟುಕೊಳ್ಳಿ. ಮಳೆ ಹಿಡಿದ ದಿನ ಇದನ್ನೇ ಇನ್ನೊಮ್ಮೆ ಮಾಡಿ. ಆ ದಿನ ಎರಡು ಅಂಕಿಗಳ ನಡುವಿನ ಅಂತರ ಕಡಿಮೆಯಾಗಿರುತ್ತದೆ. ಏಕೆ ಎಂದು ತರಗತಿಯಲ್ಲಿ ಚರ್ಚಿಸಿ.